ಗಾಳಿಯ ಪಾಲು

ಡೇರಿ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ನಿಂತಾಗ
ಬೆನ್ನ ಹಿಂದಿನಿಂದ ಸುಟ್ಟ ಎಣ್ಣೆಯ ವಾಸನೆ.
ಹಪ್ಪಳ ಕರಿದ ಬಾಣಲೆಯನ್ನು
ಯಾರೋ ಉರಿಯ ಮೇಲೇ ಮರೆತ ಹಾಗೆ.

ರೇಡಿಯೇಟರ್ ಇಲ್ಲ ಇದಕ್ಕೆ.
ಅರವತ್ತೊಂಬತ್ತರ ಬೀಟಲ್, ಮೋಡದ ಬಣ್ಣ,
ಹುಟ್ಟಿದಂದಿನಿಂದ ನಿರ್ಜಲ ಏಕಾದಶಿ,
ಬರೀ ಗಾಳಿ.
ಪಕ್ಕದ ಆಟೋದವನು ಬಗ್ಗಿ ಹೇಳಿದ:
"ಬಾನೆಟ್ ತೆಗೆದು ಒಂದ್ ಬಾಟ್ಲಿ ನೀರು ಹುಯ್ಯಿ ಮೇಡಂ."
ಬಾನೆಟ್ ತೆಗೆದರೆ ಸ್ಟೆಪ್ನಿ ಇದೆಯಪ್ಪಾ,
ನನ್ನ ಊಟದ ಡಬ್ಬಿ, ಕೋರ್ಟಿನ ಕಡತ.
ನಕ್ಕ. ಹಸಿರು ಬಿತ್ತು. ಇದು ಕದಲಲಿಲ್ಲ.

ವಾರವೆಲ್ಲ ಸಲಹೆ.
ಎಚ್‌ಎಎಲ್‌ನಲ್ಲಿದ್ದ ಸತ್ಯಬೋಧ ಹಾಳೆಯ ಮೇಲೆ ಬಾಣ ಬರೆದು
ಗಾಳಿ ಎಲ್ಲಿ ಒಳಗೆ, ಎಲ್ಲಿ ಹೊರಗೆ ತೋರಿಸಿದರು:
ಎಣ್ಣೆಗೆ ಬೇರೆ ಕೂಲರ್ ಕೂರಿಸಿ, ಅದಕ್ಕೊಂದು ಪುಟ್ಟ ಫ್ಯಾನು,
ಹತ್ತು ಡಿಗ್ರಿ ಇಳಿಯದಿದ್ದರೆ ನನ್ನ ಹೆಸರು ಬದಲಿಸಿ.
ಪೂವಯ್ಯನದು ಬೇರೆ ದಾರಿ: ತಳಕ್ಕೆ ಆಳದ ಸಂಪು ಹಾಕು,
ಒಂದೂವರೆ ಲೀಟರ್ ಹೆಚ್ಚು ಎಣ್ಣೆ ಹಿಡಿಯುತ್ತೆ.
ವಿಲ್ಸನ್ ಗಾರ್ಡನ್ನಿನ ಹಂಪುಗಳು?
ಅದು ಅವನ ಕಿವಿಗೆ ಬೀಳಲಿಲ್ಲ.
ಇನ್ನೊಬ್ಬ, ಹಿಂದಿನ ಮುಚ್ಚಳಕ್ಕೆ ಎರಡು ಕಡ್ಡಿ ಸಿಕ್ಕಿಸಿ
ತೆರೆದೇ ಓಡಿಸು ಎಂದ,
ಸೆಕೆಗೆ ಅಂಗಿಯ ಗುಂಡಿ ಬಿಚ್ಚಿದವರ ಹಾಗೆ.
ತನ್ನ ಕಾರಿನ ಥರ್ಮೋಸ್ಟಾಟ್ ಕಿತ್ತೆಸೆದದ್ದನ್ನು
ಮುಡಿ ಕೊಟ್ಟು ಬಂದಷ್ಟು ಹೆಮ್ಮೆಯಿಂದ ಹೇಳಿಕೊಂಡ.

ಗೌಸ್ ಪೀರ್ ಏನೂ ಹೇಳಲಿಲ್ಲ.
ಲಾಲ್‌ಬಾಗಿನ ಗೋಡೆಯಾಚೆ, ಸಿದ್ದಾಪುರದ ಶೆಡ್ಡು.
ಜ್ವರ ನೋಡುವವರ ಹಾಗೆ ಅಂಗೈ ಚಾಚಿ,
ಮುಟ್ಟದೆ, ಎಂಜಿನ್ನಿನ ಮೇಲೆ ಹಿಡಿದು ನಿಂತರು.
ಆಮೇಲೆ ಬೀಡಿ ಹಚ್ಚಿದರು. ಸೇದುವುದಕ್ಕಲ್ಲ.
ಹೊಗೆ ತಗಡಿನ ಸಂದಿಯಲ್ಲಿ ಒಂದು ಕ್ಷಣ ಯೋಚಿಸಿ
ಒಳಕ್ಕೇ ತಿರುಗಿತು.

"ನೋಡಿ ಮೇಡಂ, ಸುತ್ತ ಇರ್ಬೇಕಾದ ರಬ್ಬರ್ ಪಟ್ಟಿ ಇಲ್ಲ.
ಎಡಗಡೆ ತಗಡು ಯಾರೋ ಬಿಚ್ಚಿದೋರು ಹಾಕೇ ಇಲ್ಲ.
ತಾನು ಬಿಟ್ಟ ಉಸ್ರೇ ತಾನು ಎಳ್ಕೊಳ್ತಾ ಐತೆ ಇದು.
ಕೂಲರ್ ಗೀಲರ್ ಆಮೇಲೆ."

ಫ್ಯಾನಿನ ಕವಚ ಎತ್ತಿದಾಗ ಹುಡುಗ ಮುರುಗೇಶ ಕೂಗಿದ.
ಎಣ್ಣೆ ತಣಿಸುವ ತೆಳು ರೆಕ್ಕೆಗಳಿಗೆ ಒತ್ತಿಕೊಂಡು
ಅಳಿಲಿನ ಗೂಡು:
ತೆಂಗಿನ ನಾರು, ದಿಂಬಿನ ಹತ್ತಿ,
ಬಸ್ ಟಿಕೆಟಿನ ಚೂರು, ಮತ್ತೆ,
ಕಡತ ಕಟ್ಟುವ ನನ್ನ ಹಸಿರು ದಾರ.
ಹೋದ ವರ್ಷ ಅದಕ್ಕಾಗಿ ಅಟೆಂಡರ್ ತಿಪ್ಪೇಶಿಯನ್ನು ಬೈದಿದ್ದೆ.

ಮರಿಗಳಿರಲಿಲ್ಲ.
ಗೌಸ್ ಪೀರ್ ಗೂಡನ್ನು ಕಸಕ್ಕೆ ಹಾಕಲಿಲ್ಲ,
ಗೋಡೆಯ ಮೇಲೆ, ನೆರಳಿಗೆ, ಇಟ್ಟು ಬಂದರು.

ನಾನಿರುವ ಬಾಡಿಗೆ ಮನೆಯ ತಾರಸಿಗೆ
ಫ್ಯಾನಿನ ಕೊಕ್ಕೆಯೇ ಇರಲಿಲ್ಲ.
ಕಟ್ಟಿದವರಿಗೆ ಅಷ್ಟು ನಂಬಿಕೆ ಈ ಊರಿನ ಗಾಳಿಯ ಮೇಲೆ.
ನಾನೇ ಕೊರೆಸಿ ಹಾಕಿಸಿದೆ, ಎರಡು ಮಾರ್ಚ್ ಹಿಂದೆ.
ಈಗ ಪಕ್ಕದ ನಾಲ್ಕಂತಸ್ತಿನ ಎಸಿಗಳು ಸಾಲಾಗಿ ಕೂತು
ನನ್ನ ಕಿಟಕಿಗೆ ಉಸಿರು ಬಿಡುತ್ತವೆ ರಾತ್ರಿಯಿಡೀ.
ಯಾವ ತಗಡು ಬಿಚ್ಚಿದರೋ, ಯಾರು ಬಿಚ್ಚಿದರೋ.

ಹಳೆಯ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ
ಬಡಿದು ಬಗ್ಗಿಸಿದರು. ಡಾಲ್ಡಾದ ತಾಳೆಮರ
ಈಗ ಸಿಲಿಂಡರಿನ ಪಕ್ಕ, ಬಿಸಿಲು ಕಾಣದೆ ನಿಂತಿದೆ.
"ಓಡಿಸಿದ ಮೇಲೆ ಎಣ್ಣೆ ಕಡ್ಡಿ ಎಳೆದು ತುದಿ ಹಿಡೀರಿ,
ಐದರವರೆಗೆ ಎಣಿಸೋಕಾದ್ರೆ ಸರಿಹೋಯ್ತು."

ಐದೂವರೆಯ ಕತ್ತಲು, ಕನಕಪುರ ರಸ್ತೆ.
ಮೆಟ್ರೊ ಕಂಬಗಳು ಒಂದೊಂದೇ ಹಿಂದಕ್ಕೆ.
ಟೀ ಅಂಗಡಿಯ ಮುಂದೆ ನಿಲ್ಲಿಸಿ ಕಡ್ಡಿ ಎಳೆದೆ.
ಒಂದು. ಎರಡು. ಮೂರು.
ನಾಲ್ಕಕ್ಕೆ ಬಿಟ್ಟು, ಬೆರಳು ಬಾಯಿಗಿಟ್ಟುಕೊಂಡೆ.

ಸತ್ಯಬೋಧರಿಗೆ ಫೋನ್ ಮಾಡಬೇಕು,
ಆ ಪುಟ್ಟ ಫ್ಯಾನಿಗೆ ಎಷ್ಟಾಗುತ್ತೆ ಅಂತ.