ಗಂಟು

ಅಮ್ಮ ಶಿಡ್ಲಘಟ್ಟದ ಗ್ರೇನೇಜಿನಲ್ಲಿ
ಇಪ್ಪತ್ತೆರಡು ವರ್ಷ ಚಿಟ್ಟೆ ಅರೆದಳು.
ಮೊಟ್ಟೆಯಿಟ್ಟು ಮುಗಿಸಿದ ತಾಯಿಚಿಟ್ಟೆ, ಪುಟ್ಟ ಒರಳು,
ಗಾಜಿನ ಮೇಲೊಂದು ಹನಿ. ಒಂದೇ ಕಣ್ಣಲ್ಲಿ ಇಣುಕಿ
ಅಕ್ಕಿಕಾಳಿನಂಥ ಹೊಳಪು ಕಂಡರೆ
‘ಗಂಟುರೋಗ’ ಅನ್ನುವಳು, ಅಷ್ಟೇ.
ಆ ತಾಯಿಯ ಮೊಟ್ಟೆಯೆಲ್ಲ ಬೆಂಕಿಗೆ.

ನಾನು ಚಿಕ್ಕಬಳ್ಳಾಪುರದಲ್ಲಿ ಮನುಷ್ಯರನ್ನು ಕೊಯ್ಯುತ್ತೇನೆ,
ನಾಲ್ಕು ಮೈಕ್ರಾನ್ ದಪ್ಪಕ್ಕೆ.
ಮೇಣದ ಬಿಲ್ಲೆಯಿಂದ ಇಳಿಯುವ ಪಟ್ಟಿಯನ್ನು
ಬಿಸಿನೀರಿಗೆ ಬಿಟ್ಟು, ಉಸಿರು ಹಿಡಿದು, ಗಾಜಿಗೆತ್ತುತ್ತೇನೆ.
ಈ ಸಲದ್ದು ೧೧೪೭: ಹೆಂಗಸು, ಐವತ್ತಮೂರು, ಜಂಗಮಕೋಟೆ,
ಕಸುಬು ನೂಲು ಬಿಚ್ಚಾಣಿಕೆ,
ಜಠರದ ಗೋಡೆಯಲ್ಲಿ ನಿಂಬೆಗಾತ್ರದ ಗಂಟು.
ಹೆಸರು ಚೀಟಿಯಲ್ಲಿದೆ. ನಾನು ಓದುವುದಿಲ್ಲ;
ಓದಿದ ದಿನವೊಮ್ಮೆ ಕೈ ನಡುಗಿ ಪಟ್ಟಿ ಮಡಿಚಿಕೊಂಡಿತ್ತು.

ತಹಸೀನ್ ಮೇಡಂ ನೋಡಿ, ಕನ್ನಡಕ ತೆಗೆದು, ಮತ್ತೆ ನೋಡಿದರು.
‘ಕದಿರು’ ಅಂದರು. ‘ಬರೀ ಕದಿರು.’
ನಾನೂ ಇಣುಕಿದೆ: ಎರಡೂ ತುದಿ ಚೂಪಾದ ಕೋಶಗಳು
ಸುಳಿಸುಳಿಯಾಗಿ, ಯಾರೋ ಅರ್ಧ ಸುತ್ತಿ ಎದ್ದುಹೋದ ಹಾಗೆ.
ಸ್ನಾಯುವಿನದೋ, ನರದ್ದೋ, ಇಲ್ಲಾ ಆ ಮೂರನೆಯದೋ,
ಕರುಳಿಗೆ ತಾಳ ಹಾಕುವ ಕೋಶದ್ದು,
ನಮ್ಮಲ್ಲಿಗೆ ವರ್ಷಕ್ಕೆ ಎರಡು ಬಂದರೆ ಹೆಚ್ಚು.
ಬಣ್ಣ ಹಾಕದೆ ಹೇಳುವಂತಿಲ್ಲ.

ಫ್ರಿಜ್ಜಿನ ಹಿಂದಿನ ಮೂಲೆಯಿಂದ ಶೀಶೆ ತೆಗೆದೆ.
ಹೆಸರು ಡಾಗ್-ಒನ್. ಹೊಸದರಲ್ಲಿ ನಕ್ಕಿದ್ದೆ,
ಬೆಲೆ ಕೇಳಿ ನಿಲ್ಲಿಸಿದೆ.
ಪಕ್ಕದಲ್ಲಿ, ಎಂದಿನಂತೆ, ಗೌರಿಬಿದನೂರಿನ ಹುಡುಗನ ಅಪೆಂಡಿಕ್ಸು:
ಎಂಟನೇ ಕ್ಲಾಸಿನಲ್ಲಿ ಹೊಟ್ಟೆನೋವೆಂದು ತೆಗೆಸಿಕೊಂಡದ್ದು.
ಈಗವನಿಗೆ ಮೀಸೆ ಬಂದಿರಬೇಕು.
ತನ್ನದೊಂದು ಚೂರು ಇನ್ನೂ ಇಲ್ಲಿ
ಗುರುತಿಲ್ಲದವರಿಗೆ ಸಾಕ್ಷಿ ಹೇಳುತ್ತಿದೆಯೆಂದು
ಅವನಿಗೆ ಯಾರೂ ಹೇಳಿಲ್ಲ.

ಮೊದಲು ಅವನದು: ಅಲ್ಲೊಂದು ಇಲ್ಲೊಂದು ಕಂದು ಗೀಟು,
ಬಣ್ಣ ಸುಳ್ಳಾಡುತ್ತಿಲ್ಲ ಅನ್ನುವಷ್ಟು.
ಆಮೇಲೆ ಇವಳದು, ಗಾಜಿನ ತುಂಬ,
ಹುರಿದ ರಾಗಿಯ ಬಣ್ಣ.

ರಾತ್ರಿ ಫೋನಿನಲ್ಲಿ ಅಮ್ಮ: ‘ಸಿಕ್ತಾ?’
‘ಸಿಕ್ತು.’
ಅವಳು ಸುಮ್ಮನಾದಳು. ಅವಳ ಕಾಲಕ್ಕೆ ಸಿಗುವುದೆಂದರೆ ಬೆಂಕಿ.
‘ಸುಡೋದಲ್ಲಮ್ಮ, ಇದಕ್ಕೆ ಮಾತ್ರೆ ಇದೆ.
ಎಲ್ಲರಿಗೂ ಹಿಡಿಯುತ್ತೆ ಅಂತಲ್ಲ. ಇದೆ.’
‘ಏನವಳ ಹೆಸರು?’
ಸಂಖ್ಯೆ ಬಾಯಿಗೆ ಬಂತು. ನುಂಗಿಕೊಂಡೆ.

ಬೆಳಿಗ್ಗೆ ಶೀಶೆ ಎತ್ತಿ ಬೆಳಕಿಗೆ ಹಿಡಿದೆ.
ಇನ್ನು ಮೂವರಿಗಾಗುವಷ್ಟಿದೆ,
ಅವಧಿ ಮಾರ್ಚಿಗೆ ಮುಗಿಯುತ್ತದೆ.
ಆ ಮೂವರು ಬಾರದಿರಲಿ ಅನ್ನಬೇಕು.
ಅನ್ನುತ್ತೇನೆ. ಆದರೂ ಫ್ರಿಜ್ಜು ಮುಚ್ಚುವ ಮುಂಚೆ
ಅದನ್ನು ಮುಂದಿನ ಸಾಲಿಗೆ ಸರಿಸಿಟ್ಟೆ.