ಪಂಪಿನ ಮನೆಯ ಪ್ರಮೇಯ

ತಪ್ಪು ನನ್ನದೇ ಇರಬೇಕು, ಜಾನು.
ಪಾಲಿಬೆಟ್ಟದ ಶಾಲೆಯಲ್ಲಿ ಹದಿನೇಳು ವರ್ಷ
ಗಣಿತದ ಜೊತೆಗೆ ಮೌನವನ್ನೂ ಕಲಿಸಿದವಳು ನಾನು:
ಕಿಟಕಿ ಮುಚ್ಚು, ತುಟಿ ಹೊಲಿ,
ಸೂಜಿ ಬಿದ್ದರೂ ಕೇಳಬೇಕು.

ಫೆಬ್ರವರಿ ಪೂರ್ತಿ ನೀನು ಓದಿದ್ದು
ತೋಟದ ಕೆರೆದಂಡೆಯ ಪಂಪಿನ ಮನೆಯಲ್ಲಿ.
ಕಾಫಿ ಹೂವಿಗೆ ನೀರು ಹಾಯಿಸುವ ರಾತ್ರಿಪಾಳಿ
ನಿನ್ನಪ್ಪ ಬೊಳಕನದು.
ಡೀಸೆಲ್ ಡಬ್ಬದ ಮೇಲೆ ಹಲಗೆ, ಹಲಗೆಯ ಮೇಲೆ ಪುಸ್ತಕ,
ಇಂಜಿನ್ನಿನ ನಡುಕಕ್ಕೆ ಪೆನ್ಸಿಲ್ಲು ತಾನೇ ಉರುಳುತ್ತಿತ್ತು.
ಆಚೆ ಕತ್ತಲಲ್ಲಿ ಸ್ಪ್ರಿಂಕ್ಲರು
ಚಿಕ್ ಚಿಕ್ ಚಿಕ್ ಚಿಕ್
ಸುತ್ತು ಮುಗಿಸಿ ಸರ್ರನೆ ವಾಪಸು.

ನೋಡಲು ಬಂದವಳು ಅಯ್ಯೋ ಎಂದೆ.
ಮರುದಿನವೇ ಲೈಬ್ರರಿಯ ಬೀಗದಕೈ ನಿನ್ನ ಕೈಗೆ.
ಟ್ಯೂಬ್‌ಲೈಟು, ಒರಗುವ ಕುರ್ಚಿ, ಒರೆಸಿದ ಮೇಜು,
ಸುತ್ತ ಒಂದು ಇರುವೆಯ ಸದ್ದೂ ಇಲ್ಲ.
ನಲವತ್ತಕ್ಕೆ ಮೂವತ್ತಾರು ತರುತ್ತಿದ್ದವಳು
ಇಪ್ಪತ್ತೆರಡಕ್ಕೆ ಇಳಿದೆ.

"ಅಲ್ಲಿ ತುಂಬಾ ಕೇಳಿಸುತ್ತೆ, ಟೀಚರ್."
"ಏನು ಕೇಳಿಸುತ್ತೆ?"
"ನಂಗೆ ಬರಲ್ಲ ಅನ್ನೋದು."

ಹಾಗಂತ ಸದ್ದೇನು ದೇವರಲ್ಲ.
ಅದೇ ಲೈನ್‌ಮನೆಯಲ್ಲಿ ನಿನ್ನಣ್ಣ ಮಣಿಯ,
ಪಕ್ಕದವರ ಟೀವಿ ತಗಡಿನ ಗೋಡೆ ದಾಟಿ ಬರುವಾಗ
ಕಿವಿಗೆ ಹತ್ತಿ ತುರುಕಿಕೊಂಡು ಓದಿದ,
ಎರಡು ಸಲ ಕೂತ, ಎರಡು ಸಲವೂ ಗಣಿತ ಹೋಯಿತು.
ಈಗ ಮೆಣಸು ಕೊಯ್ಯುವ ಏಣಿ ಹೊರುತ್ತಾನೆ.
ಅವನಿಗೆ ಯಾರೂ ಬೀಗದಕೈ ಕೊಡಲಿಲ್ಲ.
ಯಾರೂ ಅಂದರೆ, ನಾನು.

ಪರೀಕ್ಷೆ ಸಿದ್ದಾಪುರದಲ್ಲಿ. ಆ ದಿನ ಕರೆಂಟು ಹೋಗಿ
ಫ್ಯಾನೂ ನಿಂತಿತಂತೆ.
ಕಾಲು ಗಂಟೆ ಪ್ರಶ್ನೆಪತ್ರಿಕೆ ಬರೀ ಬಿಳಿ ಕಾಗದ.
ಆಮೇಲೆ ನಿನ್ನ ಹಿಮ್ಮಡಿ ಬೆಂಚಿನಡಿ ತಾನಾಗಿ
ಚಿಕ್ ಚಿಕ್ ಎಂದಿತಂತೆ.
"ಏಯ್ ಹುಡುಗಿ, ಕಾಲು ಕುಣಿಸಬೇಡ" ಎಂದರು ಮೇಲ್ವಿಚಾರಕರು.
ಆಗ ನಾಲಿಗೆಯನ್ನು ಹಲ್ಲಿಗೆ ತಾಗಿಸಿ
ಬಾಯೊಳಗೇ ನೀರು ಹಾಯಿಸಿದೆ, ಸದ್ದಿಲ್ಲದೆ.
ಬಾಹ್ಯ ಬಿಂದುವಿನಿಂದ ವೃತ್ತಕ್ಕೆ ಎಳೆದ ಸ್ಪರ್ಶಕಗಳು ಸಮ:
ಕೆರೆಯೇ ಬಿಂದು ಎಂದುಕೊಂಡೆಯಂತೆ,
ಒದ್ದೆಯಾದ ನೆಲದ ಅಂಚೇ ವೃತ್ತ.
ಸಾಧನೆ ಪೂರ್ತಿ ಬಂತು, ಚಿತ್ರ ಮಾತ್ರ ಸೊಟ್ಟ.

ಫಲಿತಾಂಶ ಇನ್ನೂ ಬಂದಿಲ್ಲ.
ಯಾರದೋ ಊರಿನ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಾ
ಸೊಟ್ಟ ವೃತ್ತ ಕಂಡಲ್ಲೆಲ್ಲ ನಾನೀಗ
ಕೆಂಪು ಪೆನ್ನು ಎತ್ತಿ ಒಂದು ಗಳಿಗೆ ಕಾಯುತ್ತೇನೆ,
ಇದರ ಹಿಂದೆ ಯಾವ ಸದ್ದು ಇತ್ತೋ, ಯಾವುದು ಇರಲಿಲ್ಲವೋ.

ಬೀಗದಕೈ ಮೊಳೆಯಲ್ಲೇ ಇದೆ, ಜಾನು.
ಮಣಿಯನನ್ನು ಕೇಳಿ ನೋಡು,
ಜೂನಿಗೆ ಮತ್ತೆ ಕಟ್ಟುತ್ತಾನಾ ಎಂದು.