ಪುಳಿಮುಂಚಿ ವೇಗ

ಭಾನುವಾರ ಐದೂವರೆ. ಮಲ್ಪೆ ಸೇತುವೆಯ ಪಡುಕೆರೆ ಬದಿಯಲ್ಲಿ
ನಾಲ್ಕು ಜನ ಲೇಸು ಬಿಗಿಯುತ್ತೇವೆ.
ಬೆಳಕಿನ್ನೂ ಹೊಳೆ ದಾಟಿಲ್ಲ.
ಬಂದರಿನಲ್ಲೊಂದು ಬೋಟು ಕೆಮ್ಮಿ ಕೆಮ್ಮಿ ಎದ್ದು
ಮತ್ತೆ ಮಲಗುತ್ತದೆ.

ಮೊದಲ ವರ್ಷ ನಾನು ಕೈಗಡಿಯಾರದ ಆಳಾಗಿದ್ದೆ.
ಸೊಸೈಟಿಯಲ್ಲಿ ಅಡವಿನ ಚಿನ್ನ ನೋಡುವ ಕೆಲಸ ನನ್ನದು.
ಒರೆಗಲ್ಲಿಗೆ ಮೆಲ್ಲಗೆ ಉಜ್ಜಿ, ಆಸಿಡ್ ಹನಿಸಿ, ಕಾದು,
ಗೆರೆ ಏನು ಹೇಳುತ್ತದೋ ಕೇಳಿ
ಆಮೇಲಷ್ಟೇ ಚೀಟಿ ಬರೆಯುವವನು.
ಓಟಕ್ಕಿಳಿದಾಗ ಈ ಬುದ್ಧಿ ಎಲ್ಲಿಗೆ ಹೋಗುತ್ತಿತ್ತೋ!
ದಿನವೂ ಪರೀಕ್ಷೆ. ನಿನ್ನೆಯ ನನ್ನನ್ನು
ಇವತ್ತಿನ ನಾನು ಅಟ್ಟಿಸಿಕೊಂಡು ಹೋಗುವುದು.
ಕೊನೆಗೆ ಮಂಡಿ ಬಾತು, ಒಂದು ಮೆಟ್ಟಿಲಿಳಿಯಲು
ಗೋಡೆಗೆ ಅರ್ಜಿ ಹಾಕಬೇಕಾಯಿತು.

ಆಗ ಸಿಕ್ಕವರು ಸೆವ್ರಿನ್ ಬಾಯಿ,
ಮೂವತ್ತನಾಲ್ಕು ವರ್ಷ ವಾರ್ಡುಗಳಲ್ಲಿ ರಾತ್ರಿ ಕಾದ ನರ್ಸು.
ಓಡುತ್ತಿದ್ದಾರೋ, ಮೀನು ಕೊಳ್ಳಲು ಹೊರಟಿದ್ದಾರೋ ತಿಳಿಯದ ನಡೆ.
ಪಕ್ಕಕ್ಕೆ ಬಂದು ಕೇಳಿದರು:
"ನಿನ್ನೆ ಎಂತ ಪದಾರ್ಥ?"
"ಬಂಗುಡೆ... ಪುಳಿಮುಂಚಿ."
"ಹೇಗೆ ಮಾಡಿದ್ದು? ಸುರುವಿಂದ ಹೇಳಿ."
ಮೆಣಸು ಹುರಿಯುವಲ್ಲಿಗೇ ನನಗೆ ಉಸಿರು ಕಟ್ಟಿತು.
"ನೋಡಿ, ಹುಣಸೆಹುಳಿ ಇನ್ನೂ ಬಿದ್ದೇ ಇಲ್ಲ, ನೀವು ಮುಗಿದಿರಿ.
ಬಂಗುಡೆ ಬೇಯುವವರೆಗೆ ಮಾತು ನಿಲ್ಲಬಾರದು.
ಅದು ವೇಗ.
ಉಳಿದದ್ದು ಬಸ್ಸು ತಪ್ಪಿದವರ ಓಟ."

ಮೆಲ್ಲ ಓಡುವುದು ಸಸಾರ ಅಂದುಕೊಳ್ಳಬೇಡಿ.
ನಾಚಿಕೆಯಾಗುತ್ತದೆ.
ಹಾಲಿನ ಸೈಕಲ್ಲು ದಾಟುತ್ತದೆ,
ಮಣಿಪಾಲದ ಹುಡುಗರು "ಸೈಡ್ ಅಂಕಲ್" ಎಂದು ದಾಟುತ್ತಾರೆ,
ಒಮ್ಮೆ ಒಂದು ಕರುವೂ ದಾಟಿತು,
ಅದರ ಹಿಂದೆ ಹಗ್ಗ ಹಿಡಿಯಲು ಅದರ ಮನೆಯ ಅಜ್ಜಿ.
ಒಂದು ಮಳೆಗಾಲ ಕಳೆಯಬೇಕು.
ಆಮೇಲೆ ಎಡಕ್ಕೆ ಹೊಳೆ, ಬಲಕ್ಕೆ ಕಡಲು,
ನಡುವೆ ಇಬ್ಬರೂ ಬಿಟ್ಟುಕೊಟ್ಟ ಈ ಬಡಕಲು ರಸ್ತೆ,
ಒಣಗಿದ ಬಲೆಯ ವಾಸನೆ,
ಎಲ್ಲ ಇಲ್ಲೇ ಇತ್ತಲ್ಲ ಅನಿಸುತ್ತದೆ.

ಟೈಲರ್ ವಾರಿಜಕ್ಕ ಅನ್ನುತ್ತಾಳೆ,
"ಬಟ್ಟೆಯನ್ನು ನಾವು ಎಳೆದರೆ ಸೂಜಿ ಮುರಿಯುತ್ತದೆ ಮಾರಾಯ್ರೆ.
ಅದು ಹೋಗಲಿ ಎಂದು ಕೈ ಇಟ್ಟುಕೊಂಡಿರಬೇಕು, ಅಷ್ಟೆ."
ತಿಂಗಳಿಗೊಂದು ಕಿಲೋಮೀಟರ್ ಸೇರಿಸುತ್ತಾಳೆ,
ಚಿಟ್ ಫಂಡಿಗೆ ಕಟ್ಟಿದ ಹಾಗೆ.
ಈಗ ಹದಿನಾಲ್ಕಾಗಿದೆ. ಎತ್ತುವ ಅವಸರವಿಲ್ಲ.

ನಾಲ್ಕನೆಯವನು ಹಂಝ,
ಬೋಟು ಕಟ್ಟುವಲ್ಲಿ ವೆಲ್ಡಿಂಗ್ ಮಾಡುವವನು.
ಅವನನ್ನು ಕೇಳಿದರೆ ಯಾವತ್ತೂ ಒಂದೇ:
"ಮೀನು. ಖಾರ. ಆಯ್ತು."
ಎಂಟು ತಿಂಗಳು ಅವನ ಚಪ್ಪಟೆ ಪಾದದ ಸದ್ದೇ
ಅವನ ಮಾತೆಂದು ಕೇಳಿಸಿಕೊಂಡೆವು.

ಹೋದ ವಾರ, ಮಟ್ಟು ಇನ್ನೂ ಅರ್ಧ ಮೈಲಿ ಇರುವಾಗ,
ಸೊಂಟದ ಚೀಲದಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಾಗದ ತೆಗೆದ.
"ಬಾಯಿ, ಇದೊಂದು ಓದಿ ಹೇಳ್ತೀರಾ? ಸ್ಕ್ಯಾನಿಂದು.
ಮೂರು ವಾರ ಆಯ್ತು. ಡಾಕ್ಟ್ರ ಹತ್ರ ಹೋಗ್ಲಿಕ್ಕೆ ಹೆದರಿಕೆ."
ಯಾರೂ ನಿಲ್ಲಲಿಲ್ಲ. ನಿಂತರೆ ಅವನು ಕಾಗದ ಮಡಚುತ್ತಿದ್ದ.
ಇನ್ನೂ ಸ್ವಲ್ಪ ಮೆಲ್ಲಗಾದೆವು,
ಇನ್ನೂ ಸ್ವಲ್ಪ.
ಹೊಳೆ ದಾಟಿ ಬಂದ ಬೆಳಕಿಗೆ ಕಾಗದ ಹಿಡಿದು,
ಕನ್ನಡಕವಿಲ್ಲದೆ, ಕೈ ಉದ್ದ ಚಾಚಿ, ಹೆಜ್ಜೆ ತಪ್ಪದೆ
ಬಾಯಿ ಕೊನೆಯ ಸಾಲಿನವರೆಗೂ ಓದಿದರು.
ತಿರುಗಿಸಿದರು. ಹಿಂದೆ ಏನೂ ಇರಲಿಲ್ಲ.
"ಕಲ್ಲು. ಐದು ಎಂಎಂ.
ಡಾಕ್ಟ್ರಿಗೆ ತೋರಿಸು, ನೀರು ಕುಡಿ, ಸಾಯುವುದಿಲ್ಲ."

ಸುಮಾರು ನೂರು ಹೆಜ್ಜೆ ಬರೀ ಶೂಗಳ ಸದ್ದು.
"ನನ್ನ ಹತ್ತಿರವೂ ಒಂದು ಕಲ್ಲುಂಟು" ಅಂದೆ,
"ಅದನ್ನು ಉಜ್ಜಿಯೇ ಹೊಟ್ಟೆ ಹೊರೆಯುವುದು."
ವಾರಿಜಕ್ಕ ನಕ್ಕಳು. ಅವನು ನಗಲಿಲ್ಲ.

ತಿರುಗಬೇಕಾದ ತೆಂಗಿನಮರ ಬಂತು,
ಆಗ ಹಂಝ ಬಾಯಿಬಿಟ್ಟ:
"ಉಮ್ಮ ಮಾಡುವುದಾದರೆ ಮೆಣಸನ್ನು ಎಣ್ಣೆಯಲ್ಲಿ ಹುರಿಯುವುದಿಲ್ಲ,
ಕಾವಲಿಯಲ್ಲಿ ಹಾಗೇ ಬಿಸಿ ಮಾಡುವುದು.
ಒಂದು ಚಿಟಿಕೆ ಓಮ. ಮೆಂತೆ ನಾಲ್ಕೇ ಕಾಳು,
ಐದಾದರೆ ಕಹಿ..."

ಹುಣಸೆ ನೆನೆಯುವಷ್ಟರಲ್ಲಿ ಮರ ಹಿಂದೆ ಉಳಿದಿತ್ತು.
ಯಾರೂ ತಿರುಗಲಿಲ್ಲ.
ಬಂಗುಡೆ ಇನ್ನೂ ಹಾಕಿರಲಿಲ್ಲ.